ಹೋಗುವ ನೀರು

ನಮ್ಮ ಮನೆಯ ಗೃಹಪ್ರವೇಶದ ಮುಂಜಾನೆ, ಹೋಮಕ್ಕೆ ಬೇಕಾದ ಸಮಿತ್ತು ದರ್ಭೆಗಳನ್ನು ಹಿಂದಿನ ರಾತ್ರಿಯೇ ಅಣಿಮಾಡಿಟ್ಟು, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬಂಧುಗಳೆಲ್ಲ ಮಿಂದು ಮಡಿಯುಟ್ಟು ನೆರೆದು, ಪುರೋಹಿತರು ಪೂರ್ಣಕುಂಭವನ್ನು ಹಿಡಿದು ಹೊಸ್ತಿಲ ಬಳಿ ನಿಂತು, ಇನ್ನು ಗೋಮಾತೆ ಒಳಗೆ ಅಡಿಯಿಡುವುದೊಂದೇ ಬಾಕಿ ಎನ್ನುವ ವೇಳೆಗೆ, ಪಕ್ಕದ ಹಳ್ಳಿಯಿಂದ ಕರೆತಂದಿದ್ದ ಆ ಹಸು ಬೀದಿಯಲ್ಲಿಯೇ ನಿಂತುಬಿಟ್ಟಿತು. ಬೀದಿಗೂ ನಮ್ಮ ಗೇಟಿಗೂ ನಡುವೆ ಒಳಚರಂಡಿಗಾಗಿ ಅಗೆದು ಮುಚ್ಚದೆ ಬಿಟ್ಟ ಕಂದಕವೊಂದಿತ್ತು. ಅದರ ಮೇಲೆ ನಾವು ಸೆಂಟ್ರಿಂಗ್ ಹಲಗೆಗಳೆರಡನ್ನು ಹಾಸಿ, ಆ ಹಲಗೆಗಳ ಮೇಲೆ ರಂಗೋಲಿಯನ್ನೂ ಇಡಿಸಿದ್ದೆವು. ಹಸು ಹಲಗೆಯನ್ನು ಮೂಸಿತು. ಸಂದಿನಲ್ಲಿ ಕಾಣುತ್ತಿದ್ದ ಕಪ್ಪು ನೀರನ್ನು ನೋಡಿತು. ಹಿಂಗಾಲುಗಳನ್ನು ಊರಿ ಅಲುಗದೆ ನಿಂತಿತು. ಬಾಳೆಹಣ್ಣು, ಬೆಲ್ಲ, ಹಸುರು ಹುಲ್ಲು, ಬೆನ್ನು ಸವರುವುದು, ಕೊನೆಗೆ ಬಾಲ ಮುರಿಯುವುದು, ಎಲ್ಲವೂ ಆಯಿತು. ಮುಹೂರ್ತ ಮೀರುತ್ತಿರಲು ಹಸುವಿನ ಒಡೆಯನು, "ಇದು ಬರಾಕಿಲ್ಲ ಮೇಷ್ಟ್ರೇ. ಕೆಳಗೆ ಪೊಳ್ಳು ಅಂತ ಅದಕ್ಕೆ ಗೊತ್ತಾಗೈತೆ" ಎಂದನು. ಕಡೆಗೆ ಹಿಂದಿನ ಖಾಲಿ ನಿವೇಶನದ ಮುಳ್ಳುಗಿಡಗಳನ್ನು ತುಳಿದು, ಹಿಂಬಾಗಿಲಿನಿಂದ ಅದನ್ನು ಒಳಕ್ಕೆ ತಂದೆವು. ಹಾಲು ಉಕ್ಕಿತು, ಊಟವೂ ಚೆನ್ನಾಗಿಯೇ ಆಯಿತು. ಅಂತೂ ಮನೆ ಪೂರ್ತಿಯಾಯಿತೆಂದು ಬಂದವರೆಲ್ಲ ಹರಸಿ ಹೋದರು. ಹಸುವಿನ ಅಭಿಪ್ರಾಯ ಬೇರೆ ಇದ್ದಂತೆ ತೋರುತ್ತದೆ.

ಇದಾಗಿ ನಾಲ್ಕು ವರ್ಷಗಳಾದುವು. ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಮೈಸೂರು ರಸ್ತೆಯಿಂದ ಒಳಸರಿದು, ಒಂದು ಕಾಲಕ್ಕೆ ರಾಗಿಯ ಹೊಲವೂ ಮಾವಿನ ತೋಪೂ ಇದ್ದ ಇಳಿಜಾರಿನಲ್ಲಿ ಎದ್ದ ಬಡಾವಣೆ ನಮ್ಮದು. ಹೆಬ್ಬಾಗಿಲಿನಲ್ಲಿ ಕಮಾನಿದೆ, ಅಡ್ಡರಸ್ತೆಗಳಿಗೆ ನದಿಗಳ ಹೆಸರುಗಳಿವೆ. ನಾನಿರುವುದು ತುಂಗಭದ್ರಾ ರಸ್ತೆಯಲ್ಲಿ. ಮಳೆಗಾಲದಲ್ಲಿ ಆ ಹೆಸರು ಅಷ್ಟೇನೂ ಉತ್ಪ್ರೇಕ್ಷೆಯಲ್ಲ. ಡಾಂಬರು ಇನ್ನೂ ಬಂದಿಲ್ಲ. ದಪ್ಪ ಜಲ್ಲಿಯನ್ನು ಹರಡಿ, ಮೇಲೆ ಕೆಮ್ಮಣ್ಣನ್ನು ಚೆಲ್ಲಿ, ಒಂದು ದಿನ ರೋಲರನ್ನು ಓಡಿಸಿ ಹೋದವರು ಮತ್ತೆ ಈ ಕಡೆ ತಲೆಹಾಕಿಲ್ಲ. ರಸ್ತೆಯ ನಟ್ಟನಡುವೆ ಮ್ಯಾನ್‌ಹೋಲುಗಳ ಕತ್ತುಗಳು ನೆಲದಿಂದ ಒಂದೂವರೆ ಅಡಿ ಮೇಲೆದ್ದು, ಯಾವುದೋ ಮಠದ ಯತಿಗಳ ಬೃಂದಾವನಗಳಂತೆ ಸಾಲಾಗಿ ನಿಂತಿವೆ. ಮುಂದೆಂದಾದರೊಂದು ದಿನ ರಸ್ತೆ ಏರಿಬಂದು ತಮ್ಮ ಮಟ್ಟವನ್ನು ಮುಟ್ಟುವುದೆಂಬ ನಂಬಿಕೆಯ ಮೇಲೆ ಕಟ್ಟಿದ ಕತ್ತುಗಳವು. ರಾತ್ರಿಯ ಹೊತ್ತು ಸ್ಕೂಟರಿನವರು ಅವಕ್ಕೆ ಡಿಕ್ಕಿ ಹೊಡೆಯಬಾರದೆಂದು ಯಾರೋ ಪುಣ್ಯಾತ್ಮರು ಸುಣ್ಣ ಬಳಿದಿದ್ದಾರೆ. ಒಂದೆರಡಕ್ಕೆ ಕುಂಕುಮವೂ ಬಿದ್ದಿದೆ.

ನೆಲದೊಳಗೆ ಕೊಳವೆಗಳು ಇಲ್ಲವೆಂದು ಇದರ ಅರ್ಥವಲ್ಲ. ಪ್ರತಿಯೊಂದು ಅಡ್ಡರಸ್ತೆಯಲ್ಲಿಯೂ ಇವೆ. ಆದರೆ ಇಳಿಜಾರಿನ ತಳದಲ್ಲಿರುವ ಕಟ್ಟಕಡೆಯ ಮ್ಯಾನ್‌ಹೋಲಿಗೂ ನಗರದ ಮುಖ್ಯ ಒಳಚರಂಡಿ ಕೊಳವೆಗೂ ನಡುವೆ ಸುಮಾರು ನಾನೂರು ಮೀಟರಿನಷ್ಟು ಅನ್ಯರ ಭೂಮಿಯಿದ್ದು, ಆ ಭೂಮಿಯ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯವಿದ್ದು, ವ್ಯಾಜ್ಯದ ಮೇಲೆ ತಡೆಯಾಜ್ಞೆಯಿದ್ದು, ಹೀಗೆ ಒಂದರ ಮೇಲೊಂದು ಕುಳಿತಿರುವುದರಿಂದ ನಮ್ಮ ಕೊಳವೆಗಳಿಗೆ ಬಾಯಿ ಉಂಟು, ಗತಿಯಿಲ್ಲ. ಕೆಲಸ ಮಾಡಿದ ಮುದುಕ ಮೇಸ್ತ್ರಿಯೊಬ್ಬನು ಒಂದು ದಿನ ನಮ್ಮ ಕಾಂಪೌಂಡಿನ ನೆರಳಿನಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತ, "ಈ ಕೆಲಸ ಕೆಳಗಿಂದ ಮೇಲಕ್ಕೆ ಬರಬೇಕು ಸ್ವಾಮಿ. ನೀರು ಎಲ್ಲಿಗೆ ಹೋಗಿ ಬೀಳ್ತದೆ ಅನ್ನೋದನ್ನ ಮೊದಲು ಕಟ್ಟಬೇಕು. ಆಮೇಲೆ ಒಂದೊಂದೇ ಪೈಪು ಮೇಲಕ್ಕೆ ಹತ್ತಿಸ್ಕೊಂಡು ಮನೆ ಬಾಗಿಲಿಗೆ ಬರಬೇಕು. ಇಲ್ಲಿ ಮೇಲಿನ ಸೈಟು ಮೊದಲು ಮಾರಾಟ ಆಯ್ತು, ಮೇಲಿಂದ ಶುರು ಮಾಡಿದರು" ಎಂದನು. ಎಂಜಿನಿಯರುಗಳ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಕೊಳೆನೀರನ್ನು ನೂಕುವವರು ಯಾರೂ ಇಲ್ಲ. ಅದು ತನ್ನ ಭಾರದಿಂದಲೇ ಇಳಿಯಬೇಕು. ಅದರ ವೇಗ ಸೆಕೆಂಡಿಗೆ ಸುಮಾರು 0.6 ಮೀಟರಿಗಿಂತ ಕಡಮೆಯಾದರೆ ಅದರೊಳಗಿನ ಘನಪದಾರ್ಥವು ತಳಕ್ಕಿಳಿದು ಕೊಳವೆ ಕಟ್ಟಿಕೊಳ್ಳುತ್ತದೆ. ಆದುದರಿಂದ ತುದಿಯ ಮಟ್ಟವನ್ನು ನಿಶ್ಚಯಿಸದೆ ಮೊದಲಿನ ಮಟ್ಟವನ್ನು ನಿಶ್ಚಯಿಸುವುದು ಸಾಧ್ಯವಿಲ್ಲ. ಅಂತ್ಯವನ್ನು ತಿಳಿದೇ ಆರಂಭಿಸಬೇಕಾದ ಲೋಕವ್ಯಾಪಾರಗಳಲ್ಲಿ ಒಳಚರಂಡಿಗಿಂತ ಸ್ಪಷ್ಟವಾದ ನಿದರ್ಶನ ನನಗೆ ಬೇರೆ ಕಂಡಿಲ್ಲ. ನಮ್ಮಲ್ಲಿಯಾದರೋ ಆರಂಭದ ವೈಭವಕ್ಕೇನೂ ಕೊರತೆಯಿರಲಿಲ್ಲ. ಗುದ್ದಲಿಪೂಜೆ ಎರಡು ಸಲ ನಡೆಯಿತು. ಆರಂಭಗಳನ್ನೆಲ್ಲ ಪರಿತ್ಯಜಿಸಿದವನು ಭಗವಂತನಿಗೆ ಪ್ರಿಯನೆಂದು ಗೀತೆಯಲ್ಲಿ ಹೇಳಿದೆ. ನಮ್ಮ ಗುತ್ತಿಗೆದಾರರು ಆ ಮಾತನ್ನು ಆರಂಭಿಸಿದ ಮೇಲೆ ಪರಿತ್ಯಜಿಸುವುದೆಂದು ಅರ್ಥಮಾಡಿಕೊಂಡಿರಬೇಕು.

ಈ ಬೇಸರವನ್ನು ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗಿದ ವೃತ್ತಾಂತವನ್ನು ವಿಸ್ತರಿಸುವುದಿಲ್ಲ. ಅದು ಎಲ್ಲರಿಗೂ ತಿಳಿದದ್ದೇ. ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ನಮ್ಮ ಬಡಾವಣೆಯ ಮನೆಗಳೆಲ್ಲವೂ ವಾಸ್ತುಶಾಸ್ತ್ರವನ್ನು ಅನುಸರಿಸಿ ಕಟ್ಟಿದುವು. ಈಶಾನ್ಯದ ಮೂಲೆಯಲ್ಲಿ ಕೊಳವೆಬಾವಿ ಮತ್ತು ತೊಟ್ಟಿ. ವಾಯವ್ಯದ ಮೂಲೆಯಲ್ಲಿ ಸಿಮೆಂಟಿನ ಬಳೆಗಳನ್ನು ಇಳಿಬಿಟ್ಟ ಶೌಚದ ಇಂಗುಗುಂಡಿ. ಮೂವತ್ತು ನಲವತ್ತರ ನಿವೇಶನವೊಂದನ್ನು ಕಾಗದದ ಮೇಲೆ ಒಂಟಿಯಾಗಿ ಇಟ್ಟು ನೋಡಿದರೆ ಇದರಲ್ಲಿ ದೋಷವೇನೂ ಕಾಣದು. ಆದರೆ ನನ್ನ ಮನೆಯ ಈಶಾನ್ಯಕ್ಕೆ ಅಂಟಿಕೊಂಡಿರುವುದು ಮೂಡಣ ನೆರೆಯವರ ವಾಯವ್ಯ. ಗೋಡೆಯ ಈಚೆಗೆ ನನ್ನ ಬಾವಿ, ಆಚೆಗೆ ಅವರ ಗುಂಡಿ, ಅಂತರ ಹತ್ತಡಿಯಿಲ್ಲ. ಹಾಗೆಯೇ ನನ್ನ ವಾಯವ್ಯದ ಗುಂಡಿ ಪಡುವಣ ನೆರೆಯವರ ಈಶಾನ್ಯದ ಬಾವಿಯನ್ನು ತಬ್ಬಿಕೊಂಡಿದೆ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದು ಮನೆಯೂ ಶಾಸ್ತ್ರಶುದ್ಧವಾಗಿದ್ದು, ಎಲ್ಲವೂ ಸೇರಿ ಒಬ್ಬರ ಶೌಚವನ್ನು ಇನ್ನೊಬ್ಬರು ಕುಡಿಯುವಂಥ ಏರ್ಪಾಡಾಗಿದೆ. ಯಾರೂ ತಪ್ಪು ಮಾಡಿಲ್ಲ, ತಪ್ಪು ನಡೆದಿದೆ. ಬೇರೆಬೇರೆಯಾಗಿ ಧರ್ಮವಾಗಿರುವುದು ಕೂಡಿದಾಗ ಅಧರ್ಮವಾಗುವುದಾದರೆ, ಆ ಧರ್ಮದ ಲೆಕ್ಕದಲ್ಲಿ ಎಲ್ಲಿಯೋ ಒಂದು ಅಂಕ ಬಿಟ್ಟುಹೋಗಿರಬೇಕು. ಅದು ಯಾವುದು?

ನಮ್ಮ ಹಿರಿಯರು ಗೃಹಸ್ಥನ ಪುಣ್ಯಕರ್ಮವನ್ನು ಇಷ್ಟ, ಪೂರ್ತ ಎಂದು ಎರಡಾಗಿ ವಿಂಗಡಿಸಿದರು. ಅಗ್ನಿಯ ಮುಂದೆ ಕುಳಿತು ಮಾಡುವ ಯಜ್ಞಯಾಗಾದಿಗಳು ಇಷ್ಟ. ಬೀದಿಗೆ ಬಂದು ಹತ್ತು ಜನಕ್ಕಾಗಿ ಮಾಡುವುದು ಪೂರ್ತ. ತುಂಬು ಎಂಬ ಅರ್ಥವುಳ್ಳ ಧಾತುವಿನಿಂದ ಬಂದ ಮಾತದು. ನಾವು ದಿನಬೆಳಗಾದರೆ ಆಡುವ 'ಪೂರ್ತಿ' ಎಂಬ ಮಾತು ಅದರ ಒಡಹುಟ್ಟು. ಮನೆಯೊಳಗಿನ ಹೋಮ ಎಷ್ಟೇ ಸಾಂಗವಾಗಿ ನಡೆದರೂ ಹೊರಗಿನದು ತುಂಬದೆ ಧರ್ಮ ತುಂಬದು ಎಂಬ ಭಾವ ಈ ಹೆಸರಿನಲ್ಲಿಯೇ ಅಡಗಿರುವಂತೆ ನನಗೆ ತೋರುತ್ತದೆ. ಆದರೆ ಪೂರ್ತದ ಪಟ್ಟಿಯನ್ನು ತೆಗೆದು ನೋಡಿ. ಬಾವಿ, ಮೆಟ್ಟಿಲುಬಾವಿ, ಕೆರೆ, ದೇವಾಲಯ, ಅನ್ನದಾನ, ಉಪವನ. ಹಾಲೂಡಿಸುತ್ತ ತಾಯಿಯು ಮಗುವಿನ ಕಿವಿಯಲ್ಲಿ ಹೇಳಿದಳೆಂಬ ಪ್ರಸಿದ್ಧವಾದ ಹಳೆಯ ಕನ್ನಡ ಪದ್ಯದಲ್ಲಿಯೂ ಮೊದಲು ಬರುವುವು ಕೆರೆ, ಬಾವಿ, ದೇವಾಲಯಗಳೇ. ಕೆರೆ ಕಟ್ಟಿಸಿದವರ, ತೂಬು ಇಡಿಸಿದವರ ಶಾಸನಗಳು ಕನ್ನಡನಾಡಿನ ಊರೂರುಗಳಲ್ಲಿ ಕಲ್ಲಿನ ಮೇಲೆ ನಿಂತಿವೆ. ಬರುವ ನೀರಿಗೆ ಇಷ್ಟೊಂದು ಗೌರವ. ಹೋಗುವ ನೀರಿಗೆ ದಾರಿಮಾಡಿಕೊಟ್ಟವನಿಗೆ ಸ್ವರ್ಗವುಂಟೆಂದು ಹೇಳುವ ಒಂದು ಸಾಲನ್ನು ನಾನು ಇದುವರೆಗೆ ಕಂಡಿಲ್ಲ.

ಪುರಾತನರನ್ನು ಆಕ್ಷೇಪಿಸುವುದು ಸುಲಭ. ಆದ್ದರಿಂದ ಅವರ ಪರವಾಗಿ ಹೇಳತಕ್ಕುದನ್ನು ಮೊದಲು ಹೇಳುತ್ತೇನೆ. ನಾನು ಹುಟ್ಟಿದ ಹಳ್ಳಿಯ ಮನೆಯಲ್ಲಿ ಬಚ್ಚಲಿನ ನೀರು ಗೋಡೆಯ ಕಿಂಡಿಯಿಂದ ಹೊರಬಿದ್ದು, ಒಂದು ಮಾರು ಉದ್ದದ ಕಲ್ಲಿನ ಮೋರಿಯಲ್ಲಿ ಹರಿದು, ಕೆಸುವಿನ ಮಡಿಗೂ ಬಾಳೆಯ ಬುಡಕ್ಕೂ ಹೋಗಿ ಮುಗಿಯುತ್ತಿತ್ತು. ಮುಸುರೆಯ ನೀರು ಎಮ್ಮೆಗೆ. ನಮ್ಮಜ್ಜಿ ಮಿಂದ ನೀರನ್ನು ಮುಂದೆ ಬಾಳೆಯ ಎಲೆಯಾಗಿ ಹಾಸಿ, ಅದರ ಮೇಲೆ ನಮಗೆ ಬಡಿಸುತ್ತಿದ್ದಳು. ಹಿತ್ತಿಲೆಂಬುದೊಂದು ಇದ್ದವರೆಗೆ ಮನೆ ತನ್ನ ನೀರನ್ನು ತಾನೇ ಮುಗಿಸಿಕೊಳ್ಳುತ್ತಿತ್ತು. ಹೋಗುವ ನೀರಿಗೆ ಪ್ರತ್ಯೇಕವಾದ ಧರ್ಮ ಬೇಕೆಂದು ಆಗ ಯಾರಿಗೂ ತೋರದಿದ್ದರೆ ಅದು ಅಪರಾಧವಲ್ಲ. ಆದರೆ ಹಿತ್ತಿಲಿಲ್ಲದ ಊರುಗಳೂ ನಮ್ಮಲ್ಲಿ ಹಿಂದಿನಿಂದ ಇದ್ದುವಷ್ಟೆ. ಮೊಹೆಂಜೊದಾರೋವಿನ ಇಟ್ಟಿಗೆಯ ಮುಚ್ಚುಚರಂಡಿಗಳನ್ನು ನಮ್ಮ ಭಾಷಣಕಾರರು ಕೊಂಡಾಡದ ರಾಜ್ಯೋತ್ಸವವಿಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ಚರಂಡಿಯನ್ನು ಅವರು ಹೊಗಳುವ ವೇದಿಕೆಯ ಕೆಳಗೆ ಈಗಿನದು ಉಕ್ಕುತ್ತಿರುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳಿಗೆ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವೆಡೆ, ಬೀದಿಗೆ ಕಸ ಎಸೆದವನಿಗೆ ಪಣದ ಎಂಟನೆಯ ಒಂದು ಭಾಗ, ಕೆಸರು ನೀರು ನಿಲ್ಲಿಸಿದವನಿಗೆ ಕಾಲು ಪಣ, ಅದೇ ರಾಜಮಾರ್ಗದಲ್ಲಾದರೆ ಇಮ್ಮಡಿ ಎಂದು ದಂಡವನ್ನು ವಿಧಿಸಿದೆ. ಮನುವೂ ರಾಜಮಾರ್ಗವನ್ನು ಮಲಿನಗೊಳಿಸಿದವನು ಎರಡು ಕಾರ್ಷಾಪಣಗಳನ್ನು ತೆತ್ತು ಅದನ್ನು ಕೂಡಲೇ ತೆಗೆಯತಕ್ಕದ್ದೆಂದು ಹೇಳಿದ್ದಾನೆ. ಎಂದರೆ, ಹೋಗುವ ನೀರು ನಮ್ಮವರ ಕಣ್ಣಿಗೆ ಬೀಳದೆ ಇರಲಿಲ್ಲ. ಅದು ದಂಡದ ಪಟ್ಟಿಯಲ್ಲಿತ್ತು, ಪುಣ್ಯದ ಪಟ್ಟಿಯಲ್ಲಿರಲಿಲ್ಲ. ರಾಜನಿಗೆ ಹೆದರಿ ಮಾಡುವುದು ರಾಜನು ಕಣ್ಣುಮುಚ್ಚಿದಾಗ ನಿಂತುಹೋಗುತ್ತದೆ. ಪುಣ್ಯದ ಆಸೆಯಿಂದ ಮಾಡಿದ್ದು ರಾಜರು ಅಳಿದ ಮೇಲೆಯೂ ಕೆರೆಗಳಾಗಿ ಉಳಿದಿದೆ.

ಬೆಂಗಳೂರಿನ ಚರಿತ್ರೆಯಲ್ಲಿಯೂ ಇದೇ ಸ್ವಭಾವ ಕಾಣುತ್ತದೆ. ಹೆಸರಘಟ್ಟದಿಂದ ಕೊಳವೆಯ ನೀರು ನಗರಕ್ಕೆ ಬಂದದ್ದು 1896ರಲ್ಲಿ. ನಗರದಲ್ಲಿ ಒಳಚರಂಡಿ ಎಂಬುದು ಕಾಲಿಟ್ಟದ್ದು 1920ರ ದಶಕದಲ್ಲಿ. ಬಂದ ನೀರು ಹೋಗುವುದಕ್ಕೆ ಕಾಲು ಶತಮಾನ ಕಾಯಬೇಕಾಯಿತು. ತಿಪ್ಪಗೊಂಡನಹಳ್ಳಿಯ ನೀರು 1933ರಲ್ಲಿ, ಕಾವೇರಿ 1974ರಲ್ಲಿ. ನಗರವು 2007ರಲ್ಲಿ ತನ್ನೊಳಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ಕಾವೇರಿ ಐದನೆಯ ಹಂತದ ನೀರನ್ನು ಬಿಟ್ಟದ್ದು 2024ರ ಅಕ್ಟೋಬರಿನಲ್ಲಿ. ಸುಮಾರು ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರಿಗೂ ಮಿಕ್ಕಿದ ಎತ್ತರಕ್ಕೆ, ಅಪಾರವಾದ ವಿದ್ಯುತ್ತನ್ನು ಸುರಿದು ಎತ್ತಿತಂದ ಆ ನೀರು ನಮ್ಮ ಬೀದಿಯ ನಲ್ಲಿಗೂ ಬಂದಿತು. ಹೆಂಗಸರು ಆರತಿ ಎತ್ತಿದರು. ನನ್ನ ಕಣ್ಣೂ ತೇವವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಎತ್ತುವುದಕ್ಕೆ ಇಷ್ಟು ಪಾಡುಪಟ್ಟ ನೀರು, ಇಳಿಯುವುದಕ್ಕೆ ಬೇಕಾದ ನಾನೂರು ಮೀಟರಿನ ಕೊಳವೆಯಿಲ್ಲದೆ, ಬಚ್ಚಲಿನಿಂದ ಗುಂಡಿಗೆ, ಗುಂಡಿಯಿಂದ ಬೀದಿಗೆ ಬಂದು ನಿಂತಿದೆ. ಮೊದಲು ಗುಂಡಿ ಆರು ತಿಂಗಳಿಗೊಮ್ಮೆ ತುಂಬುತ್ತಿದ್ದುದು ಕಾವೇರಿ ಬಂದ ಮೇಲೆ ಆರು ವಾರಕ್ಕೊಮ್ಮೆ ತುಂಬುತ್ತಿದೆ. ಬರುವಿಕೆಯೇ ಹೋಗುವಿಕೆಯ ಸಂಕಟವನ್ನು ಹೆಚ್ಚಿಸಿತು.

ಇನ್ನೊಂದು ಸಂಗತಿಯನ್ನು ಹೇಳುವುದು ಕಷ್ಟ, ಹೇಳದಿರುವುದು ಸುಳ್ಳು. 1898ರ ಪ್ಲೇಗಿನ ಆಸುಪಾಸಿನಲ್ಲಿ ರೂಪುಗೊಂಡ ಬಸವನಗುಡಿ ಮಲ್ಲೇಶ್ವರಗಳಲ್ಲಿ, ಅಚ್ಚುಕಟ್ಟಾದ ಮನೆಸಾಲುಗಳ ಬೆನ್ನಿಗೆ ಕನ್ಸರ್ವೆನ್ಸಿ ಎಂಬ ಕಿರಿದಾದ ಗಲ್ಲಿಗಳನ್ನು ಬಿಟ್ಟಿದ್ದರು. ಈಗಲೂ ಅವು ಇವೆ. ಕೆಲವೆಡೆ ಕಾರು ನಿಲ್ಲಿಸುತ್ತಾರೆ, ಕೆಲವೆಡೆ ದಾಸವಾಳ ಬೆಳೆಸಿದ್ದಾರೆ. ಅವನ್ನು ಬಿಟ್ಟದ್ದು ಮನೆಯ ಮಲವನ್ನು ತುಂಬಿಕೊಂಡುಹೋಗುವ ಮನುಷ್ಯನು ಮುಂಬೀದಿಗೆ ಬಾರದೆ, ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲೆಂದು. ಮುಂದೆ ಮಡಿ, ಹಿಂದೆ ಆ ಗಲ್ಲಿ. ನನ್ನ ಬಾಲ್ಯದಲ್ಲಿ ಪಟ್ಟಣದ ನಮ್ಮ ಸೋದರತ್ತೆಯ ಮನೆಯಲ್ಲಿ ಪಂಚೆ ಸೋಕಿದರೆ ಮತ್ತೆ ಮೀಯುವಷ್ಟು ನಿಷ್ಠೆಯಿತ್ತು; ಹಿಂದಿನ ಗಲ್ಲಿಯಲ್ಲಿ ಬರುತ್ತಿದ್ದವಳ ಹೆಸರನ್ನು ಕೇಳಿದವರು ಮಾತ್ರ ಆ ಮನೆಯಲ್ಲಿ ಯಾರೂ ಇರಲಿಲ್ಲ, ನಾನೂ ಕೇಳಲಿಲ್ಲ. ಹೋಗುವ ನೀರಿಗೆ ನಾವು ಧರ್ಮವನ್ನು ಕಟ್ಟಲಿಲ್ಲವೆಂದೆನಷ್ಟೆ. ಕಟ್ಟಿದ್ದುಂಟು, ಜಾತಿಯನ್ನು ಕಟ್ಟಿದೆವು. ಕೊಳವೆ ಇರಬೇಕಾದ ಕಡೆ ಮನುಷ್ಯನನ್ನು ಇಟ್ಟೆವು. ಹನ್ನೆರಡನೆಯ ಶತಮಾನದಲ್ಲಿ ಸತ್ಯಕ್ಕನೆಂಬ ಶರಣೆ ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಹಿಡಿದು, ಅದನ್ನೇ ಪೂಜೆಯೆಂದು ಬಾಳಿದಳು. ಅವಳ ವಚನಗಳನ್ನು ಪಠ್ಯದಲ್ಲಿ ಓದಿಸಿದ್ದೇನೆ. ಪೊರಕೆಯ ಕಡೆ ಮಕ್ಕಳ ಗಮನವನ್ನು ಸೆಳೆದ ನೆನಪಿಲ್ಲ. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸುವುದಕ್ಕೆ 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಬಿ. ಬಸವಲಿಂಗಪ್ಪನವರು ಟೊಂಕಕಟ್ಟಬೇಕಾಯಿತು. 2013ರಲ್ಲಿ ಇಡೀ ದೇಶಕ್ಕೆ ಕಾಯಿದೆ ಬಂದಿತು. ಅದಾದ ಮೇಲೆಯೂ ಮ್ಯಾನ್‌ಹೋಲಿಗೆ ಇಳಿದವರು ವಿಷವಾಯುವಿನಿಂದ ಉಸಿರುಕಟ್ಟಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಸುಪ್ರೀಂ ಕೋರ್ಟು ಅಂಥ ಸಾವಿಗೆ 2014ರಲ್ಲಿ 10 ಲಕ್ಷ ರೂಪಾಯಿ, 2023ರಲ್ಲಿ 30 ಲಕ್ಷ ರೂಪಾಯಿ ಪರಿಹಾರವೆಂದು ಗೊತ್ತುಮಾಡಿತು.

ಗೃಹಸ್ಥನ ಮನೆಯಲ್ಲಿ ಐದು ವಧಸ್ಥಾನಗಳಿವೆಯೆಂದೂ ಅವಕ್ಕೆ ಸೂನೆಗಳೆಂದು ಹೆಸರೆಂದೂ ಮನು ಹೇಳುತ್ತಾನೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಇವುಗಳನ್ನು ಬಳಸುವಾಗ ಅರಿಯದೆ ಸಾಯುವ ಇರುವೆ ಹುಳುಗಳ ಪಾಪವನ್ನು ಕಳೆಯುವುದಕ್ಕಾಗಿ ದಿನದಿನವೂ ಪಂಚಮಹಾಯಜ್ಞಗಳನ್ನು ಮಾಡಬೇಕು. ಎಂಥ ಸೂಕ್ಷ್ಮವಾದ ಮನಸ್ಸು! ಪೊರಕೆಯ ಕಡ್ಡಿಗೆ ಸಿಕ್ಕಿದ ಇರುವೆಯನ್ನೂ ಲೆಕ್ಕಕ್ಕೆ ತಂದ ಧರ್ಮ. ಐದನೆಯ ಸೂನೆ ನೀರಿನ ಕೊಡ, ಎಂದರೆ ಮತ್ತೆ ಬರುವ ನೀರು. ಇರುವೆಯನ್ನು ಕಂಡ ಆ ದೃಷ್ಟಿ ಮೋರಿಯ ಬಾಯಿಗೆ ಬಂದು ನಿಂತುಬಿಟ್ಟಿತಲ್ಲ ಎಂದು ಕೆಲವು ರಾತ್ರಿ ನನಗೆ ನಿದ್ರೆ ಬರುವುದಿಲ್ಲ. ಆರನೆಯ ಸೂನೆಯೊಂದನ್ನು ನಾವು ಎಣಿಸಿಕೊಳ್ಳಬೇಕಾಗಿತ್ತು. ಅಲ್ಲಿ ಸಾಯುವುದು ಇರುವೆಯಲ್ಲ.

ನನ್ನ ಸ್ನೇಹಿತರೊಬ್ಬರು, ಬ್ಯಾಂಕಿನಿಂದ ನಿವೃತ್ತರಾಗಿ ಉಪನಿಷತ್ತಿನ ಪಾಠಕ್ಕೆ ಹೋಗುವವರು, ಈ ಮಾತುಗಳನ್ನೆಲ್ಲ ಕೇಳಿ ನಕ್ಕರು. "ಇಷ್ಟಾಪೂರ್ತಗಳನ್ನೇ ಶ್ರೇಷ್ಠವೆಂದು ನಂಬಿದವರು ಮೂಢರೆಂದು ಮುಂಡಕದಲ್ಲಿಯೇ ಇದೆಯಲ್ಲ ರಾಯರೆ. ನೀವು ಈ ವಯಸ್ಸಿನಲ್ಲಿ ಚರಂಡಿಗೆ ಜೋತುಬಿದ್ದಿದ್ದೀರಿ. ಗೇಟು ದಾಟಿದ್ದು ನಿಮ್ಮದಲ್ಲ, ನ ಮಮ ಎಂದು ಬಿಟ್ಟುಬಿಡಿ" ಎಂದರು. ಅವರು ಹಾಸ್ಯಕ್ಕಾಗಿ ಹೇಳಿದ್ದು. ಆದರೆ ಮುಂಡಕದ ಮಾತನ್ನು ಕುರಿತು ನನಗೆ ಅನ್ನಿಸಿದ್ದು ಇದು: ಪೂರ್ತವನ್ನು ಪರಮವೆಂದು ತಿಳಿಯಬೇಡವೆಂದು ಋಷಿ ಎಚ್ಚರಿಸಿದ್ದು ಕೆರೆ ಕಟ್ಟಿದವನನ್ನು, ಕೆರೆಗೆ ಕೊಳೆ ಬಿಟ್ಟವನಿಗೆ ಆ ಎಚ್ಚರಿಕೆಯ ಅರ್ಹತೆಯೂ ಇಲ್ಲ. ಮೆಟ್ಟಿಲನ್ನು ಏರಿದವನು ಮೆಟ್ಟಿಲನ್ನು ಬಿಡಬಹುದು. ಕೆಳಗೇ ನಿಂತು, ಏಣಿ ಮಿಥ್ಯೆಯೆನ್ನುವುದು ವೇದಾಂತವಲ್ಲ, ಸೋಮಾರಿತನ.

ಅವರು ನಗುನಗುತ್ತ ಆಡಿದ ಆ ಎರಡನೆಯ ಮಾತು, 'ನ ಮಮ' ಎಂಬುದು, ನನ್ನಲ್ಲಿ ಬಹಳ ದಿನ ಉಳಿಯಿತು. ಹೋಮದಲ್ಲಿ ಆಹುತಿಯನ್ನು ಕೊಟ್ಟ ಯಜಮಾನನು ಪ್ರತಿಯೊಂದು ಸಲವೂ ಇದು ಇಂಥ ದೇವತೆಗೆ, ನನ್ನದಲ್ಲ ಎಂದು ಹೇಳಬೇಕು. ಅದನ್ನು ತ್ಯಾಗವೆನ್ನುತ್ತಾರೆ. ಆ ವಾಕ್ಯದ ಕ್ರಮವನ್ನು ಗಮನಿಸಿ: ನನ್ನದಲ್ಲವೆಂಬುದು ಎರಡನೆಯ ಮಾತು, ಯಾರದೆಂಬುದು ಮೊದಲನೆಯದು. ಅಗ್ನಿಗೆ, ಸೋಮನಿಗೆ, ಪ್ರಜಾಪತಿಗೆ ಎಂದು ಪಡೆಯುವವನನ್ನು ಹೆಸರುಹಿಡಿದು ಕರೆದಮೇಲೆ ಕೊಡುವವನಿಗೆ ಮಮತೆಯನ್ನು ಬಿಡುವ ಅಧಿಕಾರ. ಪಡೆಯುವವನ ಹೆಸರನ್ನು ಹೇಳದೆ ಬರಿದೆ ನನ್ನದಲ್ಲವೆಂದರೆ ಅದು ತ್ಯಾಗವಾಗದು, ವಿಸರ್ಜನೆಯಾದೀತು. ನಾವು ಬೆಳಗ್ಗೆ ಬಚ್ಚಲಿನಲ್ಲಿ ನೀರು ಬಿಟ್ಟಾಗ ಹೇಳದೆ ಹೇಳುವುದು ಈ ಅರ್ಧವಾಕ್ಯವನ್ನು. ನನ್ನದಲ್ಲ, ನನ್ನದಲ್ಲ ಎಂದು ಗಾಡಿಗಟ್ಟಲೆ ನೀರನ್ನು ಕಳಿಸುತ್ತೇವೆ. ಇದು ಯಾರದಾಗುತ್ತದೆ ಎಂದು ಕೇಳುವುದಿಲ್ಲ. ನನ್ನಿಂದ ಹೊರಟದ್ದು ಯಾವಾಗ ನನ್ನದಲ್ಲವಾಗುತ್ತದೆ? ಗೇಟು ದಾಟಿದಾಗಲೆ? ಕಣ್ಣಿಗೆ ಮರೆಯಾದಾಗಲೆ? ಪಡೆಯುವವನನ್ನು ನಾನು ಅರಿತು, ಅವನಿಗೆ ಅದು ಅಹಿತವಾಗದಂತೆ ಮಾಡಿ ಒಪ್ಪಿಸಿದಾಗ ಮಾತ್ರ ಎಂದು ನನ್ನ ಉತ್ತರ. ಅಲ್ಲಿಯವರೆಗೆ ಅದು ನನ್ನದೇ. ನಾನೂರು ಮೀಟರಿನಾಚೆಯೂ ನನ್ನದೇ.

ಉತ್ತರವನ್ನು ಕಂಡುಕೊಂಡ ಮೇಲೆ ಅದರಂತೆ ವಿಚಾರಿಸದೆ ವಿಧಿಯಿಲ್ಲವಷ್ಟೆ. ನಮ್ಮ ಗುಂಡಿ ತುಂಬಿದಾಗ ಬರುವ ಸಕ್ಕಿಂಗ್ ಟ್ರಾಕ್ಟರಿನವನನ್ನು ಕೇಳಿದೆ. ಕೊಳವೆಯನ್ನು ಸುತ್ತಿಡುತ್ತಿದ್ದವನು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟು ವರ್ಷ ಯಾರೂ ಕೇಳಿಲ್ಲ, ನೀವ್ಯಾಕೆ ಕೇಳ್ತೀರಿ ಮೇಷ್ಟ್ರೇ?" ಎಂದನು. ಸುಮ್ಮನೆ ತಿಳಿಯಲೆಂದು ಎಂದೆ. "ಬೇಸಗೇಲಿ ತೋಟದವರು ಕರೀತಾರೆ, ಗೊಬ್ಬರಕ್ಕೆ. ಮಳೆಗಾಲದಾಗೆ ತೋಟದೊಳಕ್ಕೆ ಗಾಡಿ ಇಳಿಯಲ್ಲ. ಆಗ ಕಾಲುವೆಗೇ" ಎಂದನು. ಕಾಲುವೆಯೆಂದರೆ ರಾಜಕಾಲುವೆ, ಒಂದು ಕೆರೆಯ ಕೋಡಿನೀರನ್ನು ಮತ್ತೊಂದು ಕೆರೆಗೆ ಮುಟ್ಟಿಸಲೆಂದು ಹಿಂದಿನವರು ಬಿಟ್ಟ, ಹೆಸರಿನಲ್ಲಿ ಮಾತ್ರ ರಾಜತ್ವ ಉಳಿದ ಹಳ್ಳ. ನಮ್ಮ ಕಡೆಯ ನೀರೆಲ್ಲ ಇಳಿಯುವುದು ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟಿದಳೆಂದು ಪ್ರತೀತಿಯುಳ್ಳ ಈ ನದಿಯ ದಡದಲ್ಲಿ ಗಾಳಿ ಆಂಜನೇಯನ ಗುಡಿಯಿದೆ. ಈಗ ಆ ಹಾದಿಯಲ್ಲಿ ಹೋಗುವ ಬಸ್ಸಿನವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ನದಿಗೆ ನಿಮ್ನಗಾ, ತಗ್ಗಿಗೆ ಹೋಗುವವಳು, ಎಂದು ಅಮರಕೋಶದಲ್ಲಿ ಒಂದು ಹೆಸರಿದೆ. ಆ ಹೆಸರಿಗೆ ತಕ್ಕಂತೆ ಅವಳು ತಗ್ಗು ಹುಡುಕುತ್ತ ಅರ್ಕಾವತಿಯನ್ನು ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತಾಳೆ. ಆರತಿಯೆತ್ತಿ ಬರಮಾಡಿಕೊಂಡವಳನ್ನು ನಾವು ಹೀಗೆ ಹಿಂದಕ್ಕೆ ಕಳಿಸುತ್ತೇವೆ. ಬೆಂಗಳೂರು ನೀರೆತ್ತುವ ಸ್ಥಳ ಸಂಗಮಕ್ಕಿಂತ ಮೇಲಿರುವುದರಿಂದ ನಾವು ಕಳಿಸಿದ್ದು ನಮಗೆ ಮರಳಿ ಬಾರದು; ಕೆಳಗಿನವರಿಗೆ ಹೋಗುತ್ತದೆ.

ಪಡೆಯುವವನನ್ನು ಹೆಸರಿಸಿ ಒಪ್ಪಿಸುವುದು ಅಸಾಧ್ಯವೇನಲ್ಲ. ಇದೇ ನಗರದ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಶುದ್ಧಿಮಾಡಿ 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುತ್ತಿದ್ದಾರೆ. ಎರಡು ಬಾರಿ ಶುದ್ಧಿಮಾಡಿದರೆ ಸಾಲದು, ಮೂರನೆಯ ಬಾರಿಯೂ ಆಗಬೇಕು ಎಂದು ಅಲ್ಲಿನವರು ಪಟ್ಟುಹಿಡಿದಿದ್ದಾರೆ, ಹಿಡಿಯತಕ್ಕದ್ದೇ. ಪಡೆಯುವವನಿಗೆ ಹೆಸರಿದ್ದರೆ ಅವನು ಹೀಗೆ ಎದ್ದುನಿಂತು ಕೇಳಬಲ್ಲ. ನಮ್ಮ ರಾಜಕಾಲುವೆಯ ಕೆಳಗಿನ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ ಕುಟುಂಬಗಳವರು ಎರಡು ವರ್ಷದ ಹಿಂದೆ ಬಲೆಗಳನ್ನು ಮಾರಿಕೊಂಡು ಹೋದರು. ಅವರು ಯಾರು, ಎಲ್ಲಿಗೆ ಹೋದರು ಎಂದು ನಮ್ಮ ಬಡಾವಣೆಯ ಸಂಘದಲ್ಲಿ ಒಬ್ಬರಿಗೂ ತಿಳಿಯದು. ಆ ಸಂಘದ ಕಾರ್ಯದರ್ಶಿ ನಾನೇ.

ಕಳೆದ ತಿಂಗಳ ಸಭೆಯಲ್ಲಿ ಕಮಾನಿಗೆ ಬಣ್ಣ ಬಳಿಸಬೇಕೆ, ಗಣಪತಿಯ ಗುಡಿಗೆ ಮುಖಮಂಟಪ ಕಟ್ಟಿಸಬೇಕೆ ಎಂಬ ಚರ್ಚೆ ಬಂದಿತು. ನಾನು ಎದ್ದುನಿಂತು, ಕೂಡಿಟ್ಟ ಹಣವನ್ನು ಆ ನಾನೂರು ಮೀಟರಿನ ಹಕ್ಕಿಗಾಗಿ ಅಣ್ಣತಮ್ಮಂದಿರಿಬ್ಬರನ್ನೂ ಕೂಡಿಸಿ ರಾಜಿಮಾಡಿಸುವುದಕ್ಕೆ ಖರ್ಚುಮಾಡೋಣವೆಂದೂ, ಅಲ್ಲಿಯವರೆಗೆ ಮಳೆಗಾಲದಲ್ಲಿ ಟ್ರಾಕ್ಟರನ್ನು ಶುದ್ಧೀಕರಣ ಘಟಕಕ್ಕೆ ಕಳಿಸುವ ಹೆಚ್ಚಿನ ಬಾಡಿಗೆಯನ್ನು ಮನೆಮನೆಯೂ ಕೊಡೋಣವೆಂದೂ ಸೂಚಿಸಿದೆ. ಇದು ಸರಕಾರದ ಕೆಲಸ, ನಮ್ಮದಲ್ಲ ಎಂದು ಒಬ್ಬರು ಹೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಸರಕಾರವನ್ನು ಕೇಳುವುದನ್ನು ನಾನೂ ಬಿಟ್ಟಿಲ್ಲ, ಮೂವತ್ತಕ್ಕೂ ಹೆಚ್ಚು ಅರ್ಜಿಗಳ ನಕಲುಗಳು ನನ್ನ ಕಪಾಟಿನಲ್ಲಿವೆ. ಕೈಯೆತ್ತಲು ಹೇಳಿದಾಗ ನನ್ನ ಸೂಚನೆಗೆ ಹನ್ನೊಂದು, ಮುಖಮಂಟಪಕ್ಕೆ ಇಪ್ಪತ್ತಾರು ಬಂದುವು. ಉಪನಿಷತ್ತಿನ ಪಾಠಕ್ಕೆ ಹೋಗುವ ಸ್ನೇಹಿತರು ನನ್ನ ಕಡೆ ಕೈಯೆತ್ತಿದರು. ಮುಂದಿನ ಸಭೆ ಕಾರ್ತಿಕದಲ್ಲಿದೆ. ಹದಿನೈದು ಮನೆಗಳಿಗೆ ಹೋಗಿ ಮಾತನಾಡುವುದು ಉಳಿದಿದೆ.